ಮಗು ದಪ್ಪಗಾಗುತ್ತಿದೆಯೇ? ಮನೆಯ ಗೋಡೆಯಿಂದ ಶಾಲೆಯ ಗೇಟಿನವರೆಗೆ ಒಂದು ಮಾರ್ಗದರ್ಶಿ

"ನಮ್ಮ ಹುಡುಗ ಭಾಳ ಮೈ ಹಿಡದಾನ್ರೀ, ಇದು ಚಲೋನೋ, ಡಾಕ್ಟರ್ ಕಡೆ ತೋರಸಬೇಕೋ?" ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರಿಂದ ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಪದೇ ಪದೇ ಬರುತ್ತಿದೆ. ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರಿಸುವ ಬದಲು, ಮನೆಯಲ್ಲೇ ಮಾಡಬಹುದಾದ ಕೆಲಸಗಳನ್ನು ಹಂತಹಂತವಾಗಿ ಒಂದೆಡೆ ಬರೆದಿಡುವುದು ಮೇಲೆನಿಸಿತು. ಐದರಿಂದ ಹದಿನೆಂಟು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅದಕ್ಕಿಂತ ಚಿಕ್ಕವರ ವಿಷಯ ಬಂದಲ್ಲಿ ಬೇರೆಯಾಗಿ ಹೇಳಿದ್ದೇನೆ.

ಪದೇ ಪದೇ ಬರ ಕಂಡ ನಮ್ಮ ಸೀಮೆಯಲ್ಲಿ ಮೈ ತುಂಬಿದ ಕೂಸು ಉಂಡುಟ್ಟು ಸುಖವಾಗಿರುವ ಮನೆಯ ಗುರುತಾಗಿತ್ತು, ಆದ್ದರಿಂದ ಈ ಗೊಂದಲ ಸಹಜವೇ. ಇಂದಿಗೂ ಅಪೌಷ್ಟಿಕತೆಯೇ ನಮ್ಮ ದೊಡ್ಡ ಸಮಸ್ಯೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಸಮೀಕ್ಷೆಯಲ್ಲಿ, ಅದೇ ವಯಸ್ಸಿನಲ್ಲಿ, ಅತಿತೂಕದ ಮಕ್ಕಳ ಪ್ರಮಾಣ ಹಿಂದಿನ ಸಮೀಕ್ಷೆಯ ಶೇ. 2.1ರಿಂದ ಶೇ. 3.4ಕ್ಕೆ ಏರಿದೆ. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಸೊರಗಿದ ಮಗುವೂ ಬೊಜ್ಜಿನ ಮಗುವೂ ಇರುವ ಈ ಸ್ಥಿತಿಯನ್ನು ಸಾರ್ವಜನಿಕ ಆರೋಗ್ಯದವರು ಪೌಷ್ಟಿಕತೆಯ ಇಮ್ಮಡಿ ಹೊರೆ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನ 5ರಿಂದ 19 ವರ್ಷದ 39 ಕೋಟಿ ಮಕ್ಕಳಿಗೆ ಅತಿತೂಕವಿತ್ತು, ಅವರಲ್ಲಿ 16 ಕೋಟಿ ಮಕ್ಕಳಿಗೆ ಬೊಜ್ಜು. 2025ರ ಯುನಿಸೆಫ್ ವರದಿ, ಈ ವಯಸ್ಸಿನವರಲ್ಲಿ ಬೊಜ್ಜಿನ ಪ್ರಮಾಣ (ಶೇ. 9.4) ಕಡಿಮೆ ತೂಕದವರ ಪ್ರಮಾಣವನ್ನು (ಶೇ. 9.2) ಮೊದಲ ಬಾರಿಗೆ ದಾಟಿದೆ ಎಂದಿತು. ನಾವಿರುವ ದಕ್ಷಿಣ ಏಷ್ಯಾ ಇನ್ನೂ ಆ ಗೆರೆ ದಾಟದ ಪ್ರದೇಶಗಳಲ್ಲಿ ಒಂದು. ಇದನ್ನು ಸಮಾಧಾನವೆಂದು ಓದುವವರಿದ್ದಾರೆ. ಕೈಯಲ್ಲಿ ಇನ್ನೂ ಸಮಯವಿದೆ ಎಂದು ನಾನು ಓದುತ್ತೇನೆ.

ನಮ್ಮಂತಹ ದೇಶಗಳಲ್ಲಿ ಈ ಏರಿಕೆಗೆ ಕಾರಣ ಮಕ್ಕಳ ಬಾಯಿಚಪಲವೊಂದೇ ಅಲ್ಲ. ಐದು ರೂಪಾಯಿಗೆ ಹಣ್ಣು ಸಿಗದ ಅಂಗಡಿಯಲ್ಲಿ ಐದು ರೂಪಾಯಿಗೆ ಕುರುಕಲು ತಿಂಡಿಯ ಪಾಕೀಟು ಸಿಗುತ್ತದೆ, ಆಟದ ಬಯಲುಗಳು ಪ್ಲಾಟುಗಳಾಗಿವೆ, ಸಂಜೆಯ ಹೊತ್ತನ್ನು ಟ್ಯೂಷನ್ ನುಂಗಿದೆ. ಜೊತೆಗೆ ಒಂದು ಜೈವಿಕ ಕಾರಣವೂ ಇದೆ. ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟಂತೆ, ಭಾರತದ ಶಿಶುಗಳು ಹುಟ್ಟುವಾಗ ತೂಕದಲ್ಲಿ ಕಡಿಮೆಯಿದ್ದರೂ ಆ ತೂಕದಲ್ಲಿ ಸ್ನಾಯುವಿನ ಪಾಲು ಕಡಿಮೆ, ಕೊಬ್ಬಿನ ಪಾಲು ಹೆಚ್ಚು. ಇಂತಹ ಮಗು ಮುಂದೆ ಬೇಗ ಬೇಗ ತೂಕ ಏರಿಸಿಕೊಂಡರೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು. ಬಡಕಲಾಗಿ ಹುಟ್ಟಿದ ಕೂಸನ್ನು ಹೇಗಾದರೂ ದಪ್ಪ ಮಾಡಲೇಬೇಕೆಂದು ಹಟ ಹಿಡಿಯುವ ಹಿರಿಯರಿಗೆ ಈ ಮಾತನ್ನು ಮೆಲ್ಲಗೆ ತಿಳಿಸಬೇಕು.

ಈ ಕೆಲಸಕ್ಕೆ ಬೇಕಾಗುವುದು ಇಷ್ಟು: ನಂಬಬಹುದಾದ ಒಂದು ತೂಕದ ಯಂತ್ರ, ಟೇಪು, ಪೆನ್ಸಿಲ್ಲು, ದಪ್ಪ ರಟ್ಟಿನ ಒಂದು ಪುಸ್ತಕ, ಒಂದು ನೋಟುಬುಕ್ಕು, ಮಗುವಿನ ಸರಿಯಾದ ಹುಟ್ಟಿದ ದಿನಾಂಕ. ಶಾಲೆಗೆ ಸೇರಿಸುವಾಗ ಕೊಟ್ಟ ದಿನಾಂಕಕ್ಕೂ ನಿಜವಾದ ದಿನಾಂಕಕ್ಕೂ ಆರು ತಿಂಗಳ ಅಂತರವಿರುವುದು ನಮ್ಮಲ್ಲಿ ಅಪರೂಪವೇನಲ್ಲ. ಇಲ್ಲಿ ನಿಜವಾದದ್ದೇ ಬೇಕು.

1. ಮೊದಲು ಅಳೆಯಿರಿ

ಕಣ್ಣಂದಾಜು ಎರಡೂ ಕಡೆಗೆ ತಪ್ಪುತ್ತದೆ. ಮನೆಯವರಿಗೆ ದಪ್ಪಗಿರುವ ಮಗು ಸರಿಯಾಗಿದೆ ಎನಿಸುತ್ತದೆ, ಸರಿಯಾದ ತೂಕದ ಮಗು "ಸೊರಗೈತಿ" ಎನಿಸುತ್ತದೆ.

ಎತ್ತರ ಅಳೆಯಲು ನೆಲಕ್ಕೆ ನೇರವಾಗಿ ನಿಂತ ಗೋಡೆಯನ್ನು ಆರಿಸಿ. ಬುಡದಲ್ಲಿ ಟೈಲ್ಸ್ ಪಟ್ಟಿ ಮುಂದೆ ಚಾಚಿಕೊಂಡಿದ್ದರೆ ಹಿಮ್ಮಡಿ ಗೋಡೆಗೆ ತಾಗುವುದಿಲ್ಲ; ಅಂತಹ ಗೋಡೆ ಬೇಡ, ಬಾಗಿಲಿನ ಚೌಕಟ್ಟು ನೋಡಿ. ಚಪ್ಪಲಿ ಬಿಡಿಸಿ, ಹೆಣ್ಣುಮಗುವಾದರೆ ಜಡೆ, ಕ್ಲಿಪ್ಪು ತೆಗೆದು, ಹಿಮ್ಮಡಿ, ಪೃಷ್ಠ, ಭುಜ ಮೂರೂ ಗೋಡೆಗೆ ತಾಗುವಂತೆ ನಿಲ್ಲಿಸಿ. ನೋಟ ನೇರವಾಗಿರಲಿ, ಗದ್ದ ಮೇಲೇಳದಿರಲಿ. ಪುಸ್ತಕದ ಒಂದು ಅಂಚನ್ನು ಗೋಡೆಗೆ ಒತ್ತಿ ಹಿಡಿದು, ತಲೆಗೆ ತಾಗುವವರೆಗೆ ಕೆಳಗಿಳಿಸಿ, ಅಡಿಯಲ್ಲಿ ಗೆರೆ ಎಳೆಯಿರಿ. ಮಗುವನ್ನು ಸರಿಸಿ ನೆಲದಿಂದ ಗೆರೆಯವರೆಗೆ ಅಳೆಯಿರಿ. ಎರಡು ಸಲ ಮಾಡಿ. ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲವೂ ಮಾಡಿ. ಗೆರೆಯ ಪಕ್ಕದಲ್ಲಿ ತಾರೀಖು ಬರೆಯಿರಿ, ಮುಂದಿನ ಸುಣ್ಣ ಬಳಿಯುವವರೆಗಾದರೂ ಉಳಿಯುತ್ತದೆ.

ತೂಕವನ್ನು ಬೆಳಿಗ್ಗೆ, ಶೌಚ ಮುಗಿಸಿ, ತಿಂಡಿಗೆ ಮೊದಲು, ತೆಳು ಬಟ್ಟೆಯಲ್ಲಿ ನೋಡಿ. ಮನೆಯಲ್ಲಿ ಯಂತ್ರವಿಲ್ಲದಿದ್ದರೆ ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಶಾಲೆಯಲ್ಲಿ ಕೇಳಿ. ಕಿರಾಣಿ ಅಂಗಡಿಯಲ್ಲಿ ಚೀಲ ತೂಗುವ ಕಾಟಾ ಕೂಡ ನಡೆಯುತ್ತದೆ, ಆದರೆ ಪ್ರತಿ ಸಲವೂ ಅದೇ ಕಾಟಾ ಇರಲಿ. ನಾಲ್ಕು ಜನರೆದುರು ತೂಗಿ ಅಂಕಿಯನ್ನು ಗಟ್ಟಿಯಾಗಿ ಕೂಗಬಾರದು ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲವೆಂದುಕೊಂಡಿದ್ದೆ. ಬಂದ ಪತ್ರಗಳನ್ನು ನೋಡಿದರೆ ಹೇಳಬೇಕಿದೆ.

ಸೊಂಟದ ಅಳತೆಯೂ ಬೇಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಮಟ್ಟದಲ್ಲಿ ಟೇಪು ಸುತ್ತಿ, ಮಗು ಉಸಿರು ಬಿಟ್ಟ ಮೇಲೆ ಅಳೆಯಿರಿ. ಇದು ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತಿದೆ ಎಂದು ತಿಳಿಯಬೇಕು. 140 ಸೆಂಟಿಮೀಟರ್ ಎತ್ತರದ ಮಗುವಿಗೆ ಆ ಗಡಿ 70.

2. ಲೆಕ್ಕ ಹಾಕಿ, ಆದರೆ ದೊಡ್ಡವರ ಪಟ್ಟಿಯಲ್ಲಿ ನೋಡಬೇಡಿ

ಬಿಎಂಐ, ಅಂದರೆ ದೇಹ ದ್ರವ್ಯರಾಶಿ ಸೂಚ್ಯಂಕ, ಎತ್ತರಕ್ಕೆ ತೂಕ ಎಷ್ಟು ಹೊಂದಿಕೆಯಾಗಿದೆ ಎಂಬುದನ್ನು ಹೇಳುವ ಅಂಕಿ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಅದು ಸಿಗುತ್ತದೆ. ಹತ್ತು ವರ್ಷದ ಹುಡುಗನೊಬ್ಬ 1.40 ಮೀಟರ್ ಎತ್ತರ, 45 ಕಿಲೋ ತೂಕವಿದ್ದಾನೆ ಎನ್ನೋಣ. 45ನ್ನು 1.40ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 1.40ರಿಂದ ಭಾಗಿಸಿದರೆ ಸುಮಾರು 23.

ತಪ್ಪು ಹೆಚ್ಚಾಗಿ ಆಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಫೋನಿನಲ್ಲಿ ಹುಡುಕಿದರೆ 18.5ರಿಂದ 24.9ರವರೆಗೆ ಸರಿ ಎಂಬ ಪಟ್ಟಿ ಸಿಗುತ್ತದೆ, 23 ಎಂದರೆ ಚಿಂತೆಯಿಲ್ಲ ಎಂದು ಮನೆಯವರು ನಿರಾಳರಾಗುತ್ತಾರೆ. ಆ ಪಟ್ಟಿ ದೊಡ್ಡವರದು. ಮಕ್ಕಳ ದೇಹರಚನೆ ವಯಸ್ಸಿನೊಡನೆ ಬದಲಾಗುವುದರಿಂದ ಅವರ ಅಂಕಿಯನ್ನು ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳೊಡನೆ ಮಾತ್ರ ಹೋಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿಯಲ್ಲಿ ಪ್ರತಿ ವಯಸ್ಸಿಗೂ ಎರಡು ಗೆರೆಗಳಿವೆ: ಮೊದಲನೆಯದನ್ನು ದಾಟಿದರೆ ಅತಿತೂಕ, ಎರಡನೆಯದನ್ನು ದಾಟಿದರೆ ಬೊಜ್ಜು. ಹತ್ತು ತುಂಬಿದ ಗಂಡುಮಗುವಿಗೆ ಆ ಗೆರೆಗಳು 18.5 ಮತ್ತು 21.4, ಹೆಣ್ಣುಮಗುವಿಗೆ 19.0 ಮತ್ತು 22.6. ಹದಿಮೂರು ತುಂಬಿದವರಿಗೆ ಗಂಡಾದರೆ 20.8 ಮತ್ತು 24.8, ಹೆಣ್ಣಾದರೆ 21.8 ಮತ್ತು 26.2. ಮೇಲಿನ ಹುಡುಗ 23ರಲ್ಲಿರುವುದರಿಂದ ಎರಡನೆಯ ಗೆರೆಯನ್ನೂ ದಾಟಿದ್ದಾನೆ.

ಎತ್ತರದ ಅಳತೆಯಲ್ಲಿ ಸಣ್ಣ ತಪ್ಪಾದರೂ ಲೆಕ್ಕ ಹೇಗೆ ಕೆಡುತ್ತದೆ ನೋಡಿ. ಅದೇ ಹುಡುಗನ ಎತ್ತರವನ್ನು 1.37 ಎಂದು ಬರೆದುಕೊಂಡರೆ ಉತ್ತರ 24 ಆಗುತ್ತದೆ. ಗೋಡೆಯ ವಿಷಯದಲ್ಲಿ ಅಷ್ಟು ಹಟ ಹಿಡಿದದ್ದು ಇದಕ್ಕೇ.

ಮಕ್ಕಳ ವೈದ್ಯರ ಬಳಿ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಪ್ರಕಟಿಸಿದ ಬೆಳವಣಿಗೆಯ ನಕ್ಷೆ ಇರುತ್ತದೆ, ಅದರ ಗೆರೆಗಳು ಸ್ವಲ್ಪ ಬೇರೆ. ಯಾವುದಾದರೂ ಒಂದನ್ನೇ ಹಿಡಿದುಕೊಳ್ಳಿ, ಎರಡನ್ನೂ ಬೆರೆಸಬೇಡಿ. ಐದು ವರ್ಷದೊಳಗಿನವರಿಗೆ ಈ ಲೆಕ್ಕವೇ ಬೇಡ; ತಾಯಿ ಕಾರ್ಡನ್ನು ತೆಗೆದುಕೊಂಡು ಅಂಗನವಾಡಿ ಕಾರ್ಯಕರ್ತೆಯ ಬಳಿ ಎತ್ತರಕ್ಕೆ ತಕ್ಕ ತೂಕವನ್ನು ನೋಡಿಸಿ.

3. ವೈದ್ಯರನ್ನು ಕಾಣಬೇಕೇ ಎಂದು ನಿರ್ಧರಿಸಿ

ಮೊದಲ ಗೆರೆ ಮಾತ್ರ ದಾಟಿದ, ಚಟುವಟಿಕೆಯಿಂದಿರುವ ಮಗುವಿಗೆ ಮುಂದಿನ ಹಂತಗಳನ್ನು ಮನೆಯಲ್ಲೇ ಶುರುಮಾಡಬಹುದು. ಎರಡನೆಯ ಗೆರೆ ದಾಟಿದ್ದರೆ ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗವಿರುತ್ತದೆ. ಸರ್ಕಾರಿ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ನೋಡಲು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ, ಅವರ ಬಳಿಯೂ ಕೇಳಬಹುದು.

ಗೆರೆಯ ಲೆಕ್ಕ ಏನೇ ಇರಲಿ, ಈ ಲಕ್ಷಣಗಳಿದ್ದರೆ ತಡಮಾಡಬೇಡಿ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಪಟ್ಟಿ ಕಾಣಿಸಿದರೆ ಅದನ್ನು ಮಣ್ಣೆಂದು ತಿಳಿದು ಕಲ್ಲಿನಿಂದ ಉಜ್ಜಬೇಡಿ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎಂಬ ಹಾರ್ಮೋನಿಗೆ ದೇಹ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತಾಗುವುದು, ಹಗಲು ತರಗತಿಯಲ್ಲಿ ತೂಕಡಿಸುವುದು, ಮೊಣಕಾಲು ಅಥವಾ ಸೊಂಟದ ಕೀಲು ನೋವಿನಿಂದ ಕುಂಟುವುದು, ಬಾಲಕಿಯರಲ್ಲಿ ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಅತಿಯಾದ ಬಾಯಾರಿಕೆ ಮತ್ತು ಪದೇ ಪದೇ ಮೂತ್ರಕ್ಕೆ ಹೋಗುವುದು, ಇವು ಉಳಿದವು.

"ಇದು ಥೈರಾಯ್ಡ್ ಇರಬೇಕು" ಎಂದು ಬಹಳ ಜನ ತಾವೇ ತೀರ್ಮಾನಿಸಿ ಬರೆಯುತ್ತಾರೆ. ಮನೆಯಲ್ಲೇ ನೋಡಬಹುದಾದ ಒಂದು ಸುಳಿವಿದೆ. ಆಹಾರ ಮತ್ತು ಚಟುವಟಿಕೆಯ ಏರುಪೇರಿನಿಂದ ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ತಮ್ಮ ವಾರಿಗೆಯವರಷ್ಟೇ ಅಥವಾ ಅವರಿಗಿಂತ ಎತ್ತರವಿರುತ್ತಾರೆ. ಹಾರ್ಮೋನಿನ ತೊಂದರೆಯಲ್ಲಿ ಮಗು ದಪ್ಪಗಾಗುತ್ತಲೇ ಎತ್ತರದಲ್ಲಿ ಹಿಂದೆ ಬೀಳುತ್ತದೆ. ನಿಮ್ಮ ಮಗು ತರಗತಿಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಗಿಡ್ಡವರೊಡನೆ ನಿಲ್ಲುತ್ತಿದ್ದರೆ ವೈದ್ಯರಿಗೆ ಅದನ್ನು ಮರೆಯದೆ ಹೇಳಿ.

4. ಗುರಿ ಯಾವುದೆಂದು ಮೊದಲೇ ಒಪ್ಪಿಕೊಳ್ಳಿ

ಬೆಳೆಯುವ ಮಗುವಿನ ತೂಕವನ್ನು ಇಳಿಸುವುದಕ್ಕಿಂತ, ತೂಕ ಏರದಂತೆ ತಡೆದು ಎತ್ತರ ಬೆಳೆಯಲು ಬಿಡುವುದು ಹೆಚ್ಚಿನ ಮಕ್ಕಳಿಗೆ ಸಾಕಾಗುತ್ತದೆ. ನಮ್ಮ ಹತ್ತು ವರ್ಷದ ಹುಡುಗ ಒಂದು ವರ್ಷದಲ್ಲಿ ಆರು ಸೆಂಟಿಮೀಟರ್ ಬೆಳೆದು, ತೂಕ 45ರಲ್ಲೇ ನಿಂತಿತೆನ್ನಿ. ಅವನ ಅಂಕಿ 21.1ಕ್ಕೆ ಇಳಿಯುತ್ತದೆ. ಹನ್ನೊಂದು ವರ್ಷಕ್ಕೆ ಬೊಜ್ಜಿನ ಗೆರೆ 22.5. ಒಂದು ಗ್ರಾಂ ಕಳೆದುಕೊಳ್ಳದೆಯೇ ಅವನು ಬೊಜ್ಜಿನ ಗುಂಪಿನಿಂದ ಹೊರಬಂದ. ತೂಕ ಇಳಿಸಲೇಬೇಕಾದ ಮಕ್ಕಳಿದ್ದಾರೆ, ಆದರೆ ಅದು ವೈದ್ಯರ ಕಣ್ಣೆದುರು ನಡೆಯಬೇಕಾದ ಕೆಲಸ.

ಆದ್ದರಿಂದ ಉಪವಾಸ, ರಾತ್ರಿ ಊಟ ತಪ್ಪಿಸುವುದು, ತೂಕ ಇಳಿಸುವ ಪುಡಿ, ಕಷಾಯ, ಜಾಹೀರಾತಿನ ಚಹಾ ಯಾವುದೂ ಬೇಡ. ದಪ್ಪಗಿರುವ ಮಗು ಚೆನ್ನಾಗಿ ಪೋಷಣೆ ಪಡೆದ ಮಗು ಎಂದೇನೂ ಅಲ್ಲ. 2019–21ರ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1 ಮಂದಿಗೆ ರಕ್ತಹೀನತೆಯಿತ್ತು. ಚಹಾ ಬಿಸ್ಕೀಟಿನಿಂದ ಮೈ ಬಂದ ಮಗುವಿಗೂ ಕಬ್ಬಿಣದ ಕೊರತೆ ಇರಬಹುದು. ಊಟ ಕಡಿತ ಮಾಡಿದರೆ ಕೊರತೆ ಹೆಚ್ಚುತ್ತದೆ.

ಇನ್ನೊಂದು ತಪ್ಪು, ದಪ್ಪಗಿರುವ ಮಗುವಿಗೊಂದು ಅಡುಗೆ, ಉಳಿದವರಿಗೊಂದು ಅಡುಗೆ. ಅಣ್ಣನ ತಾಟಿಗೆ ಹಪ್ಪಳ ಹಾಕಿ ತಮ್ಮನಿಗೆ "ನಿನಗ ಬ್ಯಾಡ" ಎಂದರೆ ತಮ್ಮ ಅದನ್ನು ಕದ್ದು ತಿನ್ನುವುದನ್ನು ಕಲಿಯುತ್ತಾನೆ. ಬದಲಾಗುವುದಾದರೆ ಇಡೀ ಮನೆಯ ಅಡುಗೆ ಬದಲಾಗಬೇಕು. "ಡುಮ್ಮ", "ಗುಂಡ್ಯಾ" ಎಂಬ ಕರೆಗಳು, ಅವು ಎಷ್ಟೇ ಅಕ್ಕರೆಯವಾದರೂ, ಇಂದಿನಿಂದ ನಿಲ್ಲಲಿ.

5. ಒಂದು ವಾರ ಬರೆದಿಡಿ: ಕುಡಿದದ್ದು ಮತ್ತು ಪಾಕೀಟು ಒಡೆದದ್ದು

ಅನ್ನ, ರೊಟ್ಟಿಯ ಲೆಕ್ಕವನ್ನು ಈಗ ಬಿಡಿ. ನೋಟುಬುಕ್ಕಿನಲ್ಲಿ ಎರಡು ಕಾಲಮ್ಮು ಮಾಡಿ, ನೀರಲ್ಲದೆ ಮಗು ಏನೇನು ಕುಡಿಯಿತು ಎಂಬುದನ್ನು ಒಂದರಲ್ಲಿ, ಯಾವ ಪಾಕೀಟು ಒಡೆಯಿತು ಎಂಬುದನ್ನು ಇನ್ನೊಂದರಲ್ಲಿ ಏಳು ದಿನ ಬರೆಯಿರಿ. ಅಜ್ಜಿ ಕೊಟ್ಟದ್ದು, ಮಾವ ತಂದದ್ದು, ಅಂಗಡಿಯವರು ಚಿಲ್ಲರೆ ಇಲ್ಲವೆಂದು ಕೈಗಿತ್ತ ಚಾಕಲೇಟು, ಎಲ್ಲವೂ ಬರಲಿ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಈ ಪುಟವೇ ಉತ್ತರ ಹೇಳಿಬಿಡುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ, ಸೇರಿಸಿದ ಸಕ್ಕರೆಯನ್ನು ದಿನಕ್ಕೆ 25 ಗ್ರಾಂ ಒಳಗಿಡಿ ಎನ್ನುತ್ತದೆ. ಇದು ದೊಡ್ಡವರ ಊಟದ ಲೆಕ್ಕ, ಚಿಕ್ಕ ಮಗುವಿಗೆ ಮಿತಿ ಇನ್ನೂ ಕೆಳಗೆ. ಎರಡು ವರ್ಷದೊಳಗಿನವರಿಗೆ ಸೇರಿಸಿದ ಸಕ್ಕರೆ ಬೇಡವೇ ಬೇಡ. ಒಂದು ಚಹಾ ಚಮಚೆ ಸಕ್ಕರೆ ಸುಮಾರು 4ರಿಂದ 5 ಗ್ರಾಂ. 100 ಮಿಲಿಗೆ 10–11 ಗ್ರಾಂ ಸಕ್ಕರೆಯಿರುವ ತಂಪು ಪಾನೀಯದ 250 ಮಿಲಿ ಬಾಟಲಿ ಒಂದೇ ದಿನದ ಮಿತಿಯನ್ನು ಮುಗಿಸಿಬಿಡುತ್ತದೆ. ನಮ್ಮ ಸೀಮೆಯಲ್ಲಿ ಬಾಟಲಿಗಿಂತ ದೊಡ್ಡ ದಾರಿ ಚಹಾ: ಬೆಳಿಗ್ಗೆ ಎದ್ದ ಮಗುವಿಗೆ ಎರಡು ಚಮಚೆ ಸಕ್ಕರೆಯ ಚಹಾ, ಅದರಲ್ಲಿ ಅದ್ದಿ ತಿನ್ನಲು ನಾಲ್ಕು ಬಿಸ್ಕೀಟು ಅಥವಾ ಖಾರಿ, ಶಾಲೆಯಿಂದ ಬಂದ ಮೇಲೆ ಮತ್ತೆ ಅದೇ. ಹೊಟ್ಟೆ ತುಂಬಿದಂತಾಗಿ ಮಗು ರೊಟ್ಟಿ ಉಣ್ಣುವುದಿಲ್ಲ, ಹನ್ನೊಂದಕ್ಕೆ ಮತ್ತೆ ಪಾಕೀಟು ಕೇಳುತ್ತದೆ. ಊಟದ ಹಿಂದುಮುಂದಿನ ಚಹಾ ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ಸೇರದಂತೆಯೂ ತಡೆಯುತ್ತದೆ. ಮಕ್ಕಳ ಚಹಾವನ್ನು ಪೂರ್ತಿ ನಿಲ್ಲಿಸಿ, ಸಕ್ಕರೆ ಹಾಕದ ಹಾಲು ಅಥವಾ ಮಜ್ಜಿಗೆ ಕೊಡಿ. ಮೊದಲ ಹತ್ತು ದಿನ ರಂಪವಾಗುತ್ತದೆ. ದಿನಕ್ಕೆ ಕಾಲು ಚಮಚೆಯಂತೆ ಸಕ್ಕರೆ ಇಳಿಸುತ್ತ ಬಂದರೆ ರಂಪ ಕಡಿಮೆ.

"ಸಕ್ಕರೆ ಬ್ಯಾಡ, ಬೆಲ್ಲ ಕೊಡತೀವಿ" ಎಂಬ ಉತ್ತರ ಮುಧೋಳ, ಮಹಾಲಿಂಗಪುರದ ಕಡೆಯಿಂದ ಖಂಡಿತ ಬರುತ್ತದೆ. ಬೆಲ್ಲದಲ್ಲಿ ಕೆಲವು ಖನಿಜಗಳು ಉಳಿದಿರುತ್ತವೆ ನಿಜ, ಆದರೆ ತೂಕದ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ಕಬ್ಬಿನ ಹಾಲೂ ಹಾಗೆಯೇ. ಕರದಂಟು, ಕುಂದಾ ಹಬ್ಬದ ದಿನದ ತಿನಿಸಾಗಿದ್ದಾಗ ಯಾರಿಗೂ ಕೇಡು ಮಾಡಿರಲಿಲ್ಲ. ಡಬ್ಬಿ ಸದಾ ಕೈಗೆಟಕುವಲ್ಲಿರುವುದೇ ತೊಂದರೆ.

ಪಾಕೀಟಿನ ಹಿಂಬದಿ ಓದುವುದನ್ನು ಮಗುವಿಗೇ ಕಲಿಸಿ. ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಮೊದಲ ಮೂರರಲ್ಲಿ ಸಕ್ಕರೆ, ಮೈದಾ, ಪಾಮ್ ಎಣ್ಣೆ ಇದ್ದರೆ ಮುಂದೆ ಓದಬೇಕಿಲ್ಲ. ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಮಾಲ್ಟೋಡೆಕ್ಸ್‌ಟ್ರಿನ್ ಎಂಬವು ಸಕ್ಕರೆಯ ಹಾಗೂ ಅದರಂತೆಯೇ ಕೆಲಸ ಮಾಡುವ ಪದಾರ್ಥಗಳ ಬೇರೆ ಹೆಸರುಗಳು. "ಒಂದು ಸರ್ವಿಂಗಿಗೆ" ಎಂಬ ಅಂಕಿ ನೋಡಿ ಮೋಸಹೋಗಬೇಡಿ, 100 ಗ್ರಾಂಗೆ ಎಷ್ಟೆಂದು ನೋಡಿ. ಹಾಲಿಗೆ ಬೆರೆಸುವ ಪುಡಿಗಳನ್ನು ಬೆಳವಣಿಗೆಯ ಆಸೆಗೆ ಕೊಳ್ಳುವವರು ಇದನ್ನು ಗಮನಿಸಬೇಕು: ದೇಶದ ಆಹಾರ ಸುರಕ್ಷತಾ ಕಾಯ್ದೆಯಲ್ಲಿ "ಹೆಲ್ತ್ ಡ್ರಿಂಕ್" ಎಂಬ ವರ್ಗವೇ ಇಲ್ಲ. ಇದೇ ಕಾರಣಕ್ಕೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಆನ್‌ಲೈನ್ ಅಂಗಡಿಗಳು ಅಂತಹ ಪುಡಿಗಳನ್ನು ಆ ಹೆಸರಿನಡಿ ಮಾರದಂತೆ ಸೂಚಿಸಿತು.

6. ತಾಟನ್ನು ಹೊಂದಿಸಿ

ಉತ್ತರ ಕರ್ನಾಟಕದ ಊಟದಲ್ಲಿ ಹೊಸದಾಗಿ ತರಬೇಕಾದದ್ದು ಕಡಿಮೆ, ಮರಳಿ ತರಬೇಕಾದದ್ದು ಹೆಚ್ಚು. ಜೋಳದ ರೊಟ್ಟಿ, ಮಡಕಿ ಕಾಳು ಅಥವಾ ಹೆಸರುಕಾಳಿನ ಪಲ್ಯ, ಪುಂಡಿ ಅಥವಾ ಮೆಂತ್ಯ ಸೊಪ್ಪು, ಹಸಿ ಸೌತೆಕಾಯಿ, ಗಜ್ಜರಿ, ಮೂಲಂಗಿಯ ಪಚಡಿ, ಒಂದು ಬಟ್ಟಲು ಮೊಸರು ಇದ್ದರೆ ಯಾವ ಪೌಷ್ಟಿಕ ತಜ್ಞರೂ ತಪ್ಪು ಹುಡುಕಲಾರರು. ತಾಟಿನ ಅರ್ಧ ಭಾಗ ಪಲ್ಯ, ಪಚಡಿ, ಹಣ್ಣು. ಕಾಲು ಭಾಗ ರೊಟ್ಟಿ ಅಥವಾ ಅನ್ನ. ಉಳಿದ ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮಾಂಸ ಎಂದು ನೆನಪಿಟ್ಟುಕೊಂಡರೆ ಸಾಕು. ಶಾಲೆಯಲ್ಲಿ ಮೊಟ್ಟೆ ಕೊಡುತ್ತಿದ್ದರೆ "ದಪ್ಪ ಆಗತಾನ" ಎಂದು ತಪ್ಪಿಸಬೇಡಿ.

ಎಚ್ಚರ ಬೇಕಾದದ್ದು ಎಣ್ಣೆ ಮತ್ತು ಶೇಂಗಾದ ಪ್ರಮಾಣದಲ್ಲಿ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲರಿ, ಅಂದರೆ ಅಷ್ಟೇ ತೂಕದ ಹಿಟ್ಟು ಅಥವಾ ಸಕ್ಕರೆಯ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಇರುತ್ತದೆ. ಶೇಂಗಾ ಹಿಂಡಿ ಒಳ್ಳೆಯ ಆಹಾರವೇ. ಆದರೆ ಹಿಂಡಿಯ ಮಧ್ಯೆ ಕುಣಿ ಮಾಡಿ ಎಣ್ಣೆ ಸುರಿದು ಕಲಸಿ ತಿನ್ನುವ ರೂಢಿಯಲ್ಲಿ ಎರಡು ರೊಟ್ಟಿಗೆ ಮೂರು ಚಮಚೆ ಎಣ್ಣೆ ಗೊತ್ತಿಲ್ಲದೆ ಹೋಗುತ್ತದೆ. ಹಿಂಡಿಯನ್ನು ಮೊಸರಿನಲ್ಲಿ ಕಲಸಿದರೆ ರುಚಿಗೆ ಕೊರತೆಯಿಲ್ಲ. ಮನೆಯ ಎಣ್ಣೆಯನ್ನು ಅಳೆಯುವ ಸುಲಭ ದಾರಿ ತಿಂಗಳ ಕಿರಾಣಿ ಚೀಟಿ: ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ನಾಲ್ಕು ಜನರ ಮನೆಗೆ ಐದು ಲೀಟರಿನ ಡಬ್ಬಿ ತಿಂಗಳೊಳಗೆ ಖಾಲಿಯಾಗುತ್ತಿದ್ದರೆ ಗಿರ್ಮಿಟ್ಟಿನ ಜೊತೆಯ ಮಿರ್ಚಿ ಭಜಿಯನ್ನು ವಾರಕ್ಕೊಮ್ಮೆಗೆ ಇಳಿಸಬೇಕಾಗುತ್ತದೆ.

ತಾಟು ಖಾಲಿ ಮಾಡಲೇಬೇಕೆಂದು ಒತ್ತಾಯಿಸಬೇಡಿ. "ಇನ್ನೊಂದ ತುತ್ತು, ಇದು ಅಜ್ಜನ ಪಾಲು, ಇದು ಕಾಗಿ ಪಾಲು" ಎಂದು ಸಾಕೆಂದ ಮಗುವಿಗೂ ತುರುಕುವುದು ನಮ್ಮಲ್ಲಿ ಪ್ರೀತಿಯ ಭಾಷೆ. ಹೊಟ್ಟೆ ತುಂಬಿತೆಂಬ ಒಳಗಿನ ಸೂಚನೆಯನ್ನು ಮಗು ಕಡೆಗಣಿಸಲು ಕಲಿಯುವುದು ಹೀಗೆಯೇ. ಫೋನು ತೋರಿಸುತ್ತ ಉಣಿಸಿದರೂ ಅದೇ ಆಗುತ್ತದೆ.

7. ಮೈಕೈ ಆಡಲಿ, ನಿದ್ರೆಯಾಗಲಿ

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಂತಹ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ಒಂದೇ ಸಲ ಮಾಡಬೇಕೆಂದಿಲ್ಲ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುವುದರಿಂದ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ, ಸಂಜೆ ಐದೂವರೆಯ ನಂತರ ಎಂದು ಒಡೆದುಕೊಳ್ಳಿ. ದಪ್ಪಗಿರುವ ಮಗುವನ್ನು ಮೊದಲ ದಿನವೇ ಓಡಿಸಬೇಡಿ. ಕೀಲುಗಳಿಗೆ ಹೊಡೆತ, ಗೆಳೆಯರೆದುರು ಸೋಲು, ಎರಡೂ ಸೇರಿ ಆಟವೇ ಬೇಡವಾಗುತ್ತದೆ. ಸೈಕಲ್, ಈಜು, ಕುಸ್ತಿಯಲ್ಲಿ ಇಂತಹ ಮಕ್ಕಳು ಹಿಂದೆ ಬೀಳುವುದು ಕಡಿಮೆ. ಸೈಕಲ್ ಓಟಗಾರರಿಗೆ ಹೆಸರಾದ ಸೀಮೆ ನಮ್ಮದು, ಊರೂರಿಗೆ ಗರಡಿ ಮನೆಗಳೂ ಇದ್ದವು. ಬಾವಿಯಲ್ಲಾಗಲಿ ಹೊಳೆಯಲ್ಲಾಗಲಿ ಈಜಲು ಬಲ್ಲ ದೊಡ್ಡವರಿಲ್ಲದೆ ಮಕ್ಕಳನ್ನು ಕಳಿಸಬೇಡಿ. ಹೆಣ್ಣುಮಕ್ಕಳು ಹನ್ನೆರಡು ದಾಟುತ್ತಲೇ ಅಂಗಳ ಬಿಟ್ಟು ಒಳಗೆ ಸೇರುವುದು ನಾನು ಹೆಚ್ಚು ಚಿಂತಿಸುವ ವಿಷಯ. ಅವರಿಗೆ ಮನೆಯೊಳಗಾದರೂ ಹಗ್ಗ ಜಿಗಿತ, ಫುಗಡಿಯಂತಹ ಆಟಕ್ಕೆ ಜಾಗ ಮಾಡಿಕೊಡಿ.

ನಿದ್ರೆ 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ. ನಿದ್ರೆಗೆಟ್ಟ ಮಗುವಿಗೆ ಹಸಿವು ಹೆಚ್ಚು. ರಾತ್ರಿ ಫೋನುಗಳೆಲ್ಲ, ಅಪ್ಪನದೂ ಸೇರಿ, ಪಡಸಾಲೆಯಲ್ಲೇ ಮಲಗಲಿ.

8. ಶಾಲೆಯ ಗೇಟಿಗೆ ಹೋಗಿ

ಮನೆಯಲ್ಲಿ ಮಾಡಿದ್ದನ್ನೆಲ್ಲ ಗೇಟಿನೆದುರಿನ ಹತ್ತು ರೂಪಾಯಿ ಕೆಡಿಸಬಲ್ಲದು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಗಳ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ಆಹಾರವನ್ನು ಶಾಲೆಯ ಆವರಣದಲ್ಲಾಗಲಿ ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ನಿಯಮ ಇದೆ ಎಂಬುದೇ ಬಹಳ ಶಾಲೆಗಳಿಗೆ ಗೊತ್ತಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ, ಖಾಸಗಿ ಶಾಲೆಯಾದರೆ ಪಾಲಕರ ಸಭೆಯಲ್ಲಿ, ಈ ನಿಯಮವನ್ನು ಬರಹದಲ್ಲಿ ಕೊಟ್ಟು ನಡಾವಳಿಯಲ್ಲಿ ದಾಖಲಿಸಲು ಕೇಳಿ. ನಿಮ್ಮ ಮಗು ಸಿಬಿಎಸ್ಇ ಶಾಲೆಯಲ್ಲಿದ್ದರೆ, ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆಯಿದೆ ಎಂದು ತೋರಿಸುವ ಶುಗರ್ ಬೋರ್ಡ್ ಹಾಕುವಂತೆ ಮಂಡಳಿ 2025ರ ಮೇ ತಿಂಗಳಲ್ಲಿ ಸುತ್ತೋಲೆ ಕಳಿಸಿದೆ. ಬೋರ್ಡ್ ಎಲ್ಲಿದೆ ಎಂದು ವಿಚಾರಿಸಿ.

ಗಾಡಿಯವರೊಡನೆ ಜಗಳಕ್ಕೆ ನಿಲ್ಲಬೇಡಿ. ಗಿರಾಕಿ ಇದ್ದರೆ ಅವರು ಹುರಿದ ಶೇಂಗಾ, ಕುದಿಸಿದ ಕಾಳು, ಪೇರಲ, ಬಾರಿ ಹಣ್ಣು, ಸೀಜನ್ನಿನಲ್ಲಿ ಸೀತನಿ, ಹಸಿ ಕಡಲೆ ತರಲು ತಯಾರಿರುತ್ತಾರೆ. ಹತ್ತು ಪಾಲಕರು ಒಟ್ಟಾಗಿ ಕೇಳುವುದು ಒಬ್ಬರು ದೂರು ಬರೆಯುವುದಕ್ಕಿಂತ ಬೇಗ ಕೆಲಸ ಮಾಡುತ್ತದೆ. ಹುಟ್ಟುಹಬ್ಬಕ್ಕೆ ತರಗತಿಗೆಲ್ಲ ಚಾಕಲೇಟು ಹಂಚುವ ಬದಲು ಪೆನ್ಸಿಲ್ಲು ಹಂಚೋಣ ಎಂಬ ಮಾತನ್ನೂ ಅದೇ ಸಭೆಯಲ್ಲಿ ಎತ್ತಿ. ನಲವತ್ತು ಮಕ್ಕಳ ತರಗತಿಯಲ್ಲಿ ಅದು ವರ್ಷಕ್ಕೆ ನಲವತ್ತು ಸಲ ಬರುತ್ತದೆ.

9. ಮೂರು ತಿಂಗಳಿಗೆ ಮತ್ತೆ ಅಳೆಯಿರಿ

ವಾರವಾರ ತೂಗಬೇಡಿ, ನೀರು, ಊಟ, ಮಲಬದ್ಧತೆಯಿಂದ ಒಂದು ಕಿಲೋ ಹಿಂದುಮುಂದಾಗುವುದು ಸಹಜ, ಅದನ್ನು ನೋಡಿ ಮನೆಯವರು ಹಿಗ್ಗುವುದು, ಕುಗ್ಗುವುದು ಮಗುವಿಗೆ ಭಾರ. ತಿಂಗಳಿಗೊಮ್ಮೆ ತೂಕ, ಮೂರು ತಿಂಗಳಿಗೊಮ್ಮೆ ಎತ್ತರ ಮತ್ತು ಸೊಂಟ ಸಾಕು. ಮೂರು ತಿಂಗಳಲ್ಲಿ ತೂಕ ನಿಂತಿದ್ದು ಎತ್ತರದ ಗೆರೆ ಒಂದು ಬೆರಳಾದರೂ ಮೇಲೇರಿದ್ದರೆ ದಾರಿ ಸರಿಯಿದೆ. ತೂಕ ಏರಿದ್ದರೂ ಎತ್ತರವೂ ಏರಿ ಅಂಕಿ ಅಷ್ಟೇ ಉಳಿದಿದ್ದರೆ ಐದನೆಯ ಹಂತದ ನೋಟುಬುಕ್ಕನ್ನು ಇನ್ನೊಂದು ವಾರ ಬರೆಯಿರಿ, ಎಲ್ಲೋ ಒಂದು ಪಾಕೀಟು ತಪ್ಪಿಸಿಕೊಂಡಿದೆ. ಅಂಕಿ ಏರಿದ್ದರೆ, ಅಥವಾ ತೂಕ ಕಾರಣವಿಲ್ಲದೆ ಬೇಗ ಇಳಿಯುತ್ತಿದ್ದರೆ, ನೋಟುಬುಕ್ಕಿನ ಸಮೇತ ವೈದ್ಯರ ಬಳಿ ಹೋಗಿ. ಬರೆದಿಟ್ಟ ತಾರೀಖು, ಎತ್ತರ, ತೂಕ ಕೈಯಲ್ಲಿದ್ದರೆ ಆ ಹತ್ತು ನಿಮಿಷದ ಭೇಟಿಯಲ್ಲಿ ವೈದ್ಯರಿಗೆ ಸಿಗುವ ಮಾಹಿತಿ ಬಹಳ ಹೆಚ್ಚು.